ಆರು ಮೆಟ್ಟಿಲು ಹತ್ತಿ ಇಳಿಯುವ ಸಂಖ್ಯೆ



ಹೋದ ಸಂಚಿಕೆಯಲ್ಲಿ ಎಲ್ಲರೂ ಕಥೆ, ಒಗಟು, ಹನಿಗವನ ಬರೆದಿದ್ದರು. ಗಣಿತದ ಬಗ್ಗೆ ಒಬ್ಬರೂ ಬರೆದಿರಲಿಲ್ಲ. ಅದಕ್ಕೇ ಈ ಸಲ ನಾನು ಒಂದೇ ಒಂದು ಸಂಖ್ಯೆಯ ಬಗ್ಗೆ ಬರೆಯುತ್ತಿದ್ದೇನೆ. "ಒಂದು ಸಂಖ್ಯೆಗೆ ಇಷ್ಟೊಂದು ಡ್ರಾಯಿಂಗ್ ಶೀಟು ಬೇಕೇನೇ?" ಅಂತ ನಮ್ಮ ಸಂಪಾದಕಿ ಕೇಳಿದಳು. ಬೇಕು. ಓದಿದ ಮೇಲೆ ನೀವೇ ಹೇಳಿ.

ಆ ಸಂಖ್ಯೆ ಇದು:

12345654321

ಕನ್ನಡ ಅಂಕಿಯಲ್ಲಿ ಬರೆದರೆ ೧೨೩೪೫೬೫೪೩೨೧. ಒಟ್ಟು ಹನ್ನೊಂದು ಅಂಕಿಗಳು. ಎಡಗಡೆಯಿಂದ ಓದಿದರೂ ಒಂದೇ, ಬಲಗಡೆಯಿಂದ ಓದಿದರೂ ಒಂದೇ, "ವಿಕಟಕವಿ" ಪದ ಇದೆಯಲ್ಲ ಹಾಗೆ. ಬಾಯಲ್ಲಿ ಹೇಳುವುದಾದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಒಂದೇ ಉಸಿರಿಗೆ ಹೇಳಿ ನೋಡಿ. ನಮ್ಮ ಕ್ಲಾಸಿನಲ್ಲಿ ನಾಲ್ಕು ಜನ ಮಾತ್ರ ತಡವರಿಸದೆ ಹೇಳಿದರು.

ಇದನ್ನು ನಾನು ಕಂಡುಹಿಡಿದಿದ್ದಲ್ಲ. ಸಾವಿರ ವರ್ಷಕ್ಕೂ ಹಿಂದೆಯೇ ನಮ್ಮ ಕರ್ನಾಟಕದಲ್ಲಿ ಒಬ್ಬರು ಈ ಸಂಖ್ಯೆಯನ್ನು ತಮ್ಮ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಅವರ ಹೆಸರು ಮಹಾವೀರಾಚಾರ್ಯ. ಜೈನರ ತೀರ್ಥಂಕರ ಮಹಾವೀರ ಬೇರೆ, ಇವರು ಬೇರೆ. ಇವರು ಗಣಿತಜ್ಞರು. ರಾಷ್ಟ್ರಕೂಟರ ದೊರೆ ಅಮೋಘವರ್ಷ ನೃಪತುಂಗನ ಕಾಲದವರು, ಅಂದರೆ ಸುಮಾರು ಕ್ರಿ.ಶ. 850. ನೃಪತುಂಗ ಅಂದ ಕೂಡಲೇ ನಮಗೆ "ಕವಿರಾಜಮಾರ್ಗ" ನೆನಪಾಗುತ್ತೆ, ಸಮಾಜ ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಲು ಬರುತ್ತೆ. ಆದರೆ ಅದೇ ರಾಜನ ಕಾಲದಲ್ಲಿ ಅಷ್ಟು ದೊಡ್ಡ ಗಣಿತದ ಪುಸ್ತಕವೂ ಹುಟ್ಟಿತು ಅಂತ ಯಾರೂ ಕೇಳುವುದಿಲ್ಲ. ಆ ಪುಸ್ತಕದ ಹೆಸರು "ಗಣಿತಸಾರಸಂಗ್ರಹ". ಸಂಸ್ಕೃತದಲ್ಲಿದೆ, ಒಂಬತ್ತು ಅಧ್ಯಾಯ, ಎಲ್ಲಾ ಶ್ಲೋಕದಲ್ಲೇ. ಲೆಕ್ಕವನ್ನೂ ಶ್ಲೋಕದಲ್ಲಿ ಹೇಳುತ್ತಿದ್ದರಂತೆ! 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷಿಗೆ ತಂದರು. 2000ದಲ್ಲಿ ಹೊಂಬುಜದ ಜೈನ ಮಠದಿಂದ ಕನ್ನಡ ಅನುವಾದದ ಜೊತೆಗೂ ಅಚ್ಚಾಯಿತು. ಕನ್ನಡಕ್ಕೆ ತಂದವರು ಪದ್ಮಾವತಮ್ಮ.

ಶ್ಲೋಕದಲ್ಲಿ ಅಂಕಿ ಬರೆಯಲು ಆಗುವುದಿಲ್ಲ. ಅದಕ್ಕೆ ಹಿಂದಿನವರು ಒಂದು ಅನ್ನಲು ಚಂದ್ರ, ಎರಡು ಅನ್ನಲು ಕಣ್ಣು, ನಾಲ್ಕಕ್ಕೆ ವೇದ, ಆರಕ್ಕೆ ಋತು ಹೀಗೆ ಪದಗಳನ್ನು ಇಟ್ಟುಕೊಂಡಿದ್ದರು. ಆದರೆ ನಮ್ಮ ಸಂಖ್ಯೆಗೆ ಅದೂ ಬೇಕಾಗಿಲ್ಲ. ಒಂದರಿಂದ ಆರರ ತನಕ ಏರಿ ಆಮೇಲೆ ಕ್ರಮವಾಗಿ ಇಳಿಯುವ ಸಂಖ್ಯೆ ಅಂತ ಮಹಾವೀರಾಚಾರ್ಯರು ಹೇಳಿಬಿಟ್ಟಿದ್ದಾರೆ. ಅಷ್ಟೇ ಸಾಕು, ಬೇರೆ ಯಾವ ಸಂಖ್ಯೆಯೂ ಅದಕ್ಕೆ ಹೊಂದುವುದಿಲ್ಲ. ಇಂಥ ಚೆಂದದ ಸಂಖ್ಯೆಗಳನ್ನು ಅವರು ಕೊರಳಿಗೆ ಹಾಕುವ ಹಾರಕ್ಕೆ ಹೋಲಿಸಿದ್ದಾರೆ. ನನಗೆ ಮಾತ್ರ ಹಾರಕ್ಕಿಂತ ಹಳೇಬೀಡಿನ ಹತ್ತಿರದ ಹುಲಿಕೆರೆ ಕಲ್ಯಾಣಿ ನೆನಪಾಯಿತು. ಹೊಯ್ಸಳರ ಕಾಲದ್ದು. ಈ ಕಡೆಯಿಂದ ಮೆಟ್ಟಿಲು ಇಳಿದು ನೀರು ಮುಟ್ಟಿ ಆ ಕಡೆಯ ಮೆಟ್ಟಿಲು ಹತ್ತಬೇಕು. ನಮ್ಮ ಸಂಖ್ಯೆ ಅದನ್ನೇ ತಲೆಕೆಳಗು ಮಾಡಿದ ಹಾಗಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಸಂಖ್ಯೆ ಎಲ್ಲಿಂದ ಬಂತು?

1 × 1 = 1
11 × 11 = 121
111 × 111 = 12321
1111 × 1111 = 1234321
11111 × 11111 = 123454321
111111 × 111111 = 12345654321

ನೋಡಿದಿರಾ? ಆರು ಒಂದುಗಳ ವರ್ಗವೇ ನಮ್ಮ ಸಂಖ್ಯೆ. ಎಷ್ಟು ಒಂದು ಬರೆದಿರೋ ಅಷ್ಟರ ತನಕ ಏರುತ್ತೆ, ಆಮೇಲೆ ಇಳಿಯುತ್ತೆ. ಚಿಕ್ಕಪ್ಪನ ಎಂಟು ಅಂಕಿಯ ಕ್ಯಾಲ್ಕುಲೇಟರಿನಲ್ಲಿ ಇದನ್ನು ಹೊಡೆದರೆ ಉತ್ತರ ಹಿಡಿಸದೆ ಪಕ್ಕದಲ್ಲಿ ಇಂಗ್ಲಿಷಿನ "ಇ" ಅಕ್ಷರ ಬಂದು ನಿಂತುಬಿಡುತ್ತೆ. ಕೈಯಲ್ಲೇ ಮಾಡಬೇಕು. ಕೈಯಲ್ಲಿ ಮಾಡಿದರೇನೇ ಗುಟ್ಟು ಗೊತ್ತಾಗುವುದು.

ಇದು ಯಾಕೆ ಹೀಗಾಗುತ್ತೆ ಅಂತ ನನಗೆ ಹೊಳೆದಿದ್ದು ನಮ್ಮಜ್ಜಿ ಹಾಕುವ ರಂಗೋಲಿಯಿಂದ. ಧನುರ್ಮಾಸದಲ್ಲಿ ಅಜ್ಜಿ ಸಂದುಚುಕ್ಕಿ ಇಡುತ್ತಾರೆ. ಸಂದುಚುಕ್ಕಿ ಅಂದರೆ ಮೇಲಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಕೆಳಗಿನ ಸಾಲಿನ ಚುಕ್ಕಿ ಬರಬೇಕು. ಮೊದಲು 1, ಆಮೇಲೆ 2, ಆಮೇಲೆ 3, ಹೀಗೆ 6ರ ತನಕ ಹೋಗಿ, ಮತ್ತೆ 5, 4, 3, 2, 1. ಸಾಲುಗಳನ್ನು ಬಾಯಲ್ಲಿ ಎಣಿಸಿ. ನಮ್ಮ ಸಂಖ್ಯೆಯೇ ಅಲ್ಲವೇ! ಈಗ ಒಟ್ಟು ಚುಕ್ಕಿ ಕೂಡಿ: 1+2+3+4+5+6+5+4+3+2+1 = 36. ಅಂದರೆ 6 × 6. ಯಾಕೆಂದರೆ ಆ ರಂಗೋಲಿಯನ್ನು ಒಂದು ಮೂಲೆಯಿಂದ ಓರೆಯಾಗಿ ನಿಂತು ನೋಡಿದರೆ ಅದು ಆರು ಸಾಲು, ಸಾಲಿಗೆ ಆರು ಚುಕ್ಕಿ ಇರುವ ಚೌಕ. ಚೌಕವನ್ನೇ ತಿರುಗಿಸಿ ಇಟ್ಟಿದ್ದೇವೆ ಅಷ್ಟೆ.

ಗುಣಾಕಾರದಲ್ಲೂ ಇದೇ ನಡೆಯುತ್ತೆ. 111111ನ್ನು 111111ರಿಂದ ಗುಣಿಸುವಾಗ ಪ್ರತಿ ಸಾಲಿನಲ್ಲೂ 111111 ಎಂದೇ ಬರೆಯುತ್ತೇವೆ, ಆದರೆ ಒಂದೊಂದು ಸಾಲಿಗೂ ಒಂದೊಂದು ಮನೆ ಎಡಕ್ಕೆ ಸರಿಸುತ್ತೇವೆ. ಆರು ಸಾಲು, ಸಾಲಿಗೆ ಆರು ಒಂದು. ಒಟ್ಟು 36 ಒಂದುಗಳು, ಓರೆಯಾಗಿ ಸರಿದ ಚೌಕ. ಕೆಳಗೆ ಗೆರೆ ಎಳೆದು ಕೂಡಿದರೆ ಬಲಗಡೆಯ ಮೊದಲ ಮನೆಯಲ್ಲಿ ಒಂದೇ ಒಂದು 1 ಸಿಗುತ್ತೆ, ಎರಡನೇ ಮನೆಯಲ್ಲಿ ಎರಡು, ಮಧ್ಯದ ಮನೆಯಲ್ಲಿ ಆರು, ಆಮೇಲೆ ಮತ್ತೆ ಕಮ್ಮಿಯಾಗುತ್ತಾ ಬಂದು ಕೊನೆಗೆ ಒಂದು. ಅಜ್ಜಿಯ ರಂಗೋಲಿಯೂ ನಮ್ಮ ಗುಣಾಕಾರವೂ ಒಂದೇ. ಇದನ್ನು ಹೇಳಿದಾಗ ಅಜ್ಜಿ, "ಇದಕ್ಯಾಕ್ ಮಗ ಸ್ಕೂಲಿಗ್ ಹೋಗ್ಬೇಕು, ನಂಗ್ ಎಂಟ್ ವರ್ಷದಿಂದ್ಲೂ ಗೊತ್ತು" ಅಂದರು.

ಆಯತದ ರಂಗೋಲಿಗೂ ಇದು ಸರಿಹೋಗುತ್ತೆ. 111 × 111111 ಮಾಡಿದರೆ 12333321 ಬರುತ್ತೆ. ಮೂರರ ತನಕ ಏರಿ, ಸ್ವಲ್ಪ ದೂರ ಸಮ ನಡೆದು, ಇಳಿಯುತ್ತೆ. ಅಂಕಿಗಳನ್ನು ಕೂಡಿದರೆ 18, ಅಂದರೆ 3 × 6. ಈ 12333321 ಮುಂದೆ ಇನ್ನೊಂದು ಸಲ ಬರುತ್ತೆ, ನೆನಪಿಟ್ಟುಕೊಳ್ಳಿ.

ಇದು ಹೀಗೇ ಕೊನೆ ತನಕ ನಡೆಯುತ್ತಾ? ನಮ್ಮ ಕ್ಲಾಸಿನಲ್ಲಿ ಇದರ ಮೇಲೆ ದೊಡ್ಡ ವಾದವೇ ಆಯಿತು. ಹುಡುಗರ ಕಡೆಯವರು ನಡೆಯುತ್ತೆ ಅಂದರು. ಒಂಬತ್ತು ಒಂದುಗಳ ತನಕ ನಿಜ:

111111111 × 111111111 = 12345678987654321

ಹತ್ತು ಒಂದುಗಳಿಗೆ ಬಂದರೆ ಮಧ್ಯದ ಮನೆಯಲ್ಲಿ ಹತ್ತು ಒಂದುಗಳು ಸೇರುತ್ತವೆ. ಒಂದು ಮನೆಯಲ್ಲಿ ಹತ್ತು ಕೂರುವುದಿಲ್ಲವಲ್ಲ. ಸೊನ್ನೆ ಬರೆದು ದಶಕ 1ನ್ನು ಎಡಗಡೆ ಮನೆಗೆ ಕಳಿಸಬೇಕು. ಆ ಮನೆಯಲ್ಲಿ ಆಗಲೇ 9 ಇದೆ. ಅದೂ 10 ಆಯಿತು. ಅಲ್ಲೂ ಸೊನ್ನೆ, ಮತ್ತೆ ದಶಕ 1. ಅದರ ಎಡಕ್ಕಿರುವ 8 ಈಗ 9 ಆಗುತ್ತೆ. ಅಲ್ಲಿಗೆ ನಿಂತಿತು. ಉತ್ತರ:

1234567900987654321

ಎಡಗಡೆಯಲ್ಲಿ 7 ಆದ ಮೇಲೆ ಸೀದಾ 9. ಎಂಟು ಕಾಣೆ! ಬಲಗಡೆಯಲ್ಲಿ ಎಂಟು ಇದೆ, ಎಡಗಡೆಯಲ್ಲಿ ಇಲ್ಲ. ಅಂದ ಮೇಲೆ ಇದು ಹಿಂದೆ ಮುಂದೆ ಒಂದೇ ರೀತಿ ಓದುವ ಸಂಖ್ಯೆಯೂ ಅಲ್ಲ. ಹಾಗಾಗಿ ವಾದದಲ್ಲಿ ನಡೆಯುವುದಿಲ್ಲ ಅಂದವರು ಗೆದ್ದರು. ಒಂಬತ್ತು ಸಲ ಸರಿ ಬಂತು ಅಂತ ಹತ್ತನೇ ಸಲವೂ ಸರಿ ಬರುತ್ತೆ ಅನ್ನಲು ಆಗುವುದಿಲ್ಲ, ಯಾಕೆ ಸರಿ ಬಂತು ಅಂತ ತಿಳಿದಿದ್ದರೆ ಎಲ್ಲಿ ನಿಲ್ಲುತ್ತೆ ಅಂತಲೂ ಮೊದಲೇ ಹೇಳಬಹುದು.

ಇನ್ನು ಮಹಾವೀರಾಚಾರ್ಯರ ಲೆಕ್ಕ. ಅವರು ನಮ್ಮ ಸಂಖ್ಯೆಯನ್ನು 111111ರ ವರ್ಗ ಅಂತ ಸುಲಭವಾಗಿ ಕೊಡಲಿಲ್ಲ. ಗುಣಾಕಾರದ ಪಾಠದಲ್ಲಿ ಶಿಷ್ಯರಿಗೆ ಹೀಗೆ ಕೊಟ್ಟಿದ್ದಾರೆ: 27994681ನ್ನು 441ರಿಂದ ಗುಣಿಸಿ. ನೋಡಲು ಎರಡೂ ಅಡ್ಡಾದಿಡ್ಡಿ ಸಂಖ್ಯೆಗಳು. ಗುಣಿಸಿ ನೋಡೋಣ.

27994681 × 400 = 11197872400
27994681 × 40 = 1119787240
27994681 × 1 = 27994681
ಒಟ್ಟು = 12345654321

ನಾನು ಕೂಡಿ ಮುಗಿಸಿದಾಗ ಮೈ ಜುಂ ಅಂದಿತು. ಕಸದಂಥ ಅಂಕಿಗಳಿಂದ ಹಾರ ಬಂತು! ಸಾವಿರದ ನೂರ ಎಪ್ಪತ್ತು ವರ್ಷದ ಹಿಂದೆ ಯಾರೋ ಒಬ್ಬ ಹುಡುಗ ಮರಳಿನ ಮೇಲೋ ಹಲಗೆಯ ಮೇಲೋ ಇದನ್ನೇ ಮಾಡಿರುತ್ತಾನೆ, ಅವನಿಗೂ ಹೀಗೇ ಆಗಿರುತ್ತೆ ಅನ್ನಿಸಿತು.

ಆದರೆ ಈ ಎರಡು ಸಂಖ್ಯೆಗಳನ್ನು ಅವರು ಎಲ್ಲಿಂದ ತಂದರು? ನನಗೆ ನಿದ್ದೆಯೇ ಬರಲಿಲ್ಲ. 441 ಅಂದರೆ 21 × 21, ಇದು ವರ್ಗಗಳ ಪಟ್ಟಿಯಲ್ಲಿದೆ. ನಮ್ಮ ಸಂಖ್ಯೆಯೂ ವರ್ಗ, 441 ಕೂಡ ವರ್ಗ. ಹಾಗಾದರೆ ಉಳಿದದ್ದೂ ವರ್ಗವೇ ಆಗಿರಬೇಕು. 111111ನ್ನು 21ರಿಂದ ಭಾಗಿಸಿದೆ. ಶೇಷವಿಲ್ಲದೆ 5291 ಬಂತು. 5291 × 5291 ಮಾಡಿದೆ. 27994681! ಗುಟ್ಟು ಇಷ್ಟೇ. 111111ನ್ನು ಎರಡು ತುಂಡು ಮಾಡಿ, ಎರಡು ತುಂಡಿಗೂ ವರ್ಗ ಮಾಡಿ, ಗುರುತು ಸಿಗದ ಹಾಗೆ ಅಡಗಿಸಿಟ್ಟಿದ್ದಾರೆ.

ಇನ್ನೂ ಒಡೆಯುತ್ತಾ ಹೋದರೆ 111111 = 3 × 7 × 11 × 13 × 37. ಇವೆಲ್ಲಾ ಅವಿಭಾಜ್ಯ ಸಂಖ್ಯೆಗಳು, ಮುಂದೆ ಒಡೆಯುವುದಿಲ್ಲ. ನಮ್ಮ ಸಂಖ್ಯೆಯಲ್ಲಿ ಈ ಐದೂ ಎರಡೆರಡು ಸಲ ಇವೆ. ಅದರ ಗುರುತು ಸಂಖ್ಯೆಯ ಮೇಲೇ ಕಾಣುತ್ತೆ. ಬಲಗಡೆಯಿಂದ ಮೂರು ಮೂರು ಅಂಕಿ ಕತ್ತರಿಸಿ: 12, 345, 654, 321. ಒಂದು ಬಿಟ್ಟು ಒಂದು ಕೂಡಿ ಕಳೆಯಿರಿ: 321 − 654 + 345 − 12. ಉತ್ತರ ಸೊನ್ನೆ! ಸೊನ್ನೆ ಬಂದರೆ ಆ ಸಂಖ್ಯೆ 1001ರಿಂದ ಪೂರ್ತಿ ಭಾಗವಾಗುತ್ತೆ. 1001 ಅಂದರೆ 7 × 11 × 13. ಅದೇ ನಾಲ್ಕು ತುಂಡುಗಳನ್ನು ಕಳೆಯದೆ ಬರೀ ಕೂಡಿದರೆ 1332, ಅದು 37 × 36. ಹಾಗಾಗಿ 37ರಿಂದಲೂ ಭಾಗವಾಗುತ್ತೆ. 1001ರಿಂದ ಭಾಗಿಸಿದರೆ ಎಷ್ಟು ಬರುತ್ತೆ ಗೊತ್ತಾ? 12333321. ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ.

ಅಪವರ್ತನಗಳು ಒಟ್ಟು ಎಷ್ಟು ಅಂತಲೂ ಲೆಕ್ಕ ಹಾಕಬಹುದು. ಒಂದೊಂದು ಅವಿಭಾಜ್ಯವನ್ನೂ ಒಂದು ಸಲವೂ ತಗೊಳ್ಳದೆ ಬಿಡಬಹುದು, ಒಂದು ಸಲ ತಗೊಳ್ಳಬಹುದು, ಎರಡು ಸಲ ತಗೊಳ್ಳಬಹುದು. ಮೂರು ದಾರಿ. ಐದು ಅವಿಭಾಜ್ಯಗಳಿಗೆ 3 × 3 × 3 × 3 × 3 = 243. ಸಾಮಾನ್ಯವಾಗಿ ಅಪವರ್ತನಗಳು ಜೋಡಿ ಜೋಡಿಯಾಗಿ ಇರುತ್ತವೆ, 441ಕ್ಕೆ ಜೋಡಿ 27994681, 1001ಕ್ಕೆ ಜೋಡಿ 12333321 ಹೀಗೆ. ಆದರೆ 243 ಬೆಸ ಸಂಖ್ಯೆ. ಹಾಗಾದರೆ ಒಬ್ಬರಿಗೆ ಜೋಡಿ ಇಲ್ಲ. ಅದು 111111. ಅದಕ್ಕೆ ಅದೇ ಜೋಡಿ.

ಮಹಾವೀರಾಚಾರ್ಯರ ಬಗ್ಗೆ ಇನ್ನೊಂದು ವಿಷಯ. ಅವರು ಏಕ, ದಶ, ಶತ ಅಂತ ಶುರು ಮಾಡಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಕೊನೆಯದರ ಹೆಸರು ಮಹಾಕ್ಷೋಭ. ಇಷ್ಟು ದೊಡ್ಡವರು ಸೊನ್ನೆಯ ವಿಷಯದಲ್ಲಿ ಮಾತ್ರ ಎಡವಿದ್ದಾರೆ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತೆ ಅಂತ ಬರೆದಿದ್ದಾರೆ. ಸೊನ್ನೆಯಿಂದ ಭಾಗಿಸಲು ಬರುವುದೇ ಇಲ್ಲ ಅಂತ ಈಗ ನಮಗೆ ಪಾಠ ಮಾಡುತ್ತಾರೆ. ಆಗಿನ ಕಾಲಕ್ಕೆ ಸೊನ್ನೆ ಹೊಸದಲ್ಲವೇ, ಅದಕ್ಕೇ ಇರಬೇಕು.

ನಮ್ಮ ಕಡೆಯವರನ್ನು ಬಿಟ್ಟರೆ ಹೇಗೆ? ಹೊಯ್ಸಳರ ವಿಷ್ಣುವರ್ಧನನ ಕಾಲದಲ್ಲಿ ರಾಜಾದಿತ್ಯ ಅನ್ನುವ ಕವಿ ಇದ್ದ. ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿದ್ದು 1117ರಲ್ಲಿ, ಅದೇ ಸುಮಾರಿನವನು. ಅವನು ಗಣಿತವನ್ನು ಕನ್ನಡದಲ್ಲೇ ಬರೆದ. "ವ್ಯವಹಾರಗಣಿತ" ಅವನ ಪುಸ್ತಕ. ಬೇಲೂರು ಹಳೇಬೀಡಿಗೆ ಪ್ರವಾಸ ಹೋದಾಗ ಶಿಲಾಬಾಲಿಕೆ ತೋರಿಸುತ್ತಾರೆ, ಕಂಬ ತೋರಿಸುತ್ತಾರೆ, ರಾಜಾದಿತ್ಯನ ಹೆಸರು ಯಾರೂ ಹೇಳುವುದಿಲ್ಲ. ಇನ್ನು ಮೇಲೆ ನಾವಾದರೂ ಹೇಳೋಣ.

ಈ ಸಂಖ್ಯೆ ಎಷ್ಟು ದೊಡ್ಡದು? ಪ್ರಪಂಚದ ಜನಸಂಖ್ಯೆ 2022ರಲ್ಲಿ 800 ಕೋಟಿ ದಾಟಿತು. ನಮ್ಮದು 1234 ಕೋಟಿ. ಸೆಕೆಂಡಿಗೆ ಒಂದರಂತೆ, ಊಟ ನಿದ್ದೆ ಬಿಟ್ಟು, ಹಗಲೂ ರಾತ್ರಿ ಎಣಿಸಿದರೆ 391 ವರ್ಷ ಬೇಕು. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನಕ್ಕೆ ಕೆಲಸ ಶುರುವಾದ 1121ರ ಹೊತ್ತಿಗೆ ಒಬ್ಬ ಶಿಲ್ಪಿ ಎಣಿಸಲು ಕೂತಿದ್ದರೆ, ಮುಗಿಸಿ ಏಳುವಾಗ 1512. ಹೊಯ್ಸಳರು ಹೋಗಿ ವಿಜಯನಗರದಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದು ಮೂರು ವರ್ಷ ಆಗಿರುತ್ತಿತ್ತು!

ತೆಂಗಿನ ತೋಟದ ಲೆಕ್ಕದಲ್ಲಿ ಹೇಳುತ್ತೇನೆ, ಅರಸೀಕೆರೆ ಸೀಮೆಯವರಿಗೆ ಬೇಗ ಅರ್ಥವಾಗುತ್ತೆ. ಸಾಲಿಗೆ 111111 ಮರ, ಅಂಥ 111111 ಸಾಲು ನೆಟ್ಟರೆ ನಮ್ಮ ಸಂಖ್ಯೆಯಷ್ಟು ಮರ. ಒಂದೊಂದು ಮರಕ್ಕೆ 9 ಮೀಟರ್ ಜಾಗ ಬಿಟ್ಟರೆ ಒಂದು ಸಾಲಿನ ಉದ್ದ 999999 ಮೀಟರ್. ಅಂದರೆ 1000 ಕಿಲೋಮೀಟರಿಗೆ ಒಂದೇ ಒಂದು ಮೀಟರ್ ಕಮ್ಮಿ. ಬೆಂಗಳೂರಿನಿಂದ ಮುಂಬಯಿಗೆ ಹೆಚ್ಚು ಕಮ್ಮಿ ಅಷ್ಟು ದೂರ. ಆ ತೋಟಕ್ಕೆ ನೀರು ಕಟ್ಟುವವರು ಯಾರೋ!

ತೆಂಗಿನಕಾಯಿ ಅಂದಾಗ ಒಂದು ವಿಷಯ ಬರೆಯಲೇಬೇಕು. ಈ ಸಂಖ್ಯೆಯ ಹಿಂದೆ ಬಿದ್ದಿದ್ದಾಗ ಅಪ್ಪ, "ಇದ್ರಿಂದ ಏನ್ ಬಂತು? ಹೊಟ್ಟೆ ತುಂಬುತ್ತಾ?" ಅಂತ ಕೇಳಿದ್ದರು. ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ.

ನಮ್ಮ ಸಂಖ್ಯೆಯ ಅಂಕಿಗಳನ್ನು ಕೂಡಿದರೆ 36, ಮತ್ತೆ ಕೂಡಿದರೆ 9. ಅದಕ್ಕೇ ಅದು 9ರಿಂದ ಭಾಗವಾಗುತ್ತೆ. ಇದು ಯಾಕೆ ಹೀಗೆ ಅಂದರೆ, ಹತ್ತು ಹುಣಸೆಬೀಜದಲ್ಲಿ ಒಂಬತ್ತು ತೆಗೆದರೆ ಒಂದು ಉಳಿಯುತ್ತೆ. ನೂರರಲ್ಲಿ ತೊಂಬತ್ತೊಂಬತ್ತು ತೆಗೆದರೂ ಒಂದು. ಸಾವಿರಕ್ಕೂ ಒಂದು. ಹಾಗಾಗಿ ಯಾವ ಸ್ಥಾನದಲ್ಲಿದ್ದರೂ ಅಂಕಿ ಎಷ್ಟೋ ಅಷ್ಟೇ ಉಳಿಕೆ. ಇದರಿಂದ ಗುಣಾಕಾರ ಸರಿಯೋ ತಪ್ಪೋ ನೋಡಬಹುದು. ಎರಡು ಸಂಖ್ಯೆಗಳ ಅಂಕಿ ಕೂಡಿ ಒಂದೊಂದು ಅಂಕಿಗೆ ಇಳಿಸಿ, ಅವೆರಡನ್ನು ಗುಣಿಸಿ ಮತ್ತೆ ಇಳಿಸಿ. ಉತ್ತರದ ಅಂಕಿಗಳನ್ನು ಕೂಡಿದರೂ ಅದೇ ಬರಬೇಕು.

ಒಂದು ದೊಡ್ಡ ಉದಾಹರಣೆ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 7686369774870 ಮತ್ತು 2465099745779 ಎಂಬ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ 28 ಸೆಕೆಂಡಿನಲ್ಲಿ ಉತ್ತರ ಹೇಳಿದರು. ಆ ಉತ್ತರ 18947668177995426462773730. ಇಪ್ಪತ್ತಾರು ಅಂಕಿ, ಮಹಾವೀರಾಚಾರ್ಯರ ಹೆಸರಿನ ಪಟ್ಟಿಯನ್ನೂ ಎರಡು ಸ್ಥಾನ ಮೀರಿದೆ. ನಾವು ನೋಡೋಣ. ಮೊದಲನೆಯದರ ಅಂಕಿ ಕೂಡಿದರೆ 78, ಅದು 15, ಅದು 6. ಎರಡನೆಯದು 74, ಅದು 11, ಅದು 2. ಆರು ಎರಡಲ ಹನ್ನೆರಡು, ಅದು 3. ಉತ್ತರದ ಅಂಕಿಗಳು 138, ಅದು 12, ಅದು 3. ಸರಿ ಇದೆ! ಅವರಿಗೆ ಗುಣಿಸಲು 28 ಸೆಕೆಂಡು ಸಾಕಾಯಿತು, ನನಗೆ ಅಂಕಿ ಕೂಡಲು ಮೂರು ನಿಮಿಷ ಬೇಕಾಯಿತು.

ಈಗ ಅಪ್ಪನ ವಿಷಯ. ಹೋದ ತಿಂಗಳು ಒಂದು ಕಡೆ ಕಾಯಿ ಹಾಕಿ ಬಂದರು. ಚೀಟಿಯಲ್ಲಿ 870 ಕಾಯಿ, 18 ರೂಪಾಯಿ ದರ, ಒಟ್ಟು 15606 ಅಂತ ಬರೆದಿದ್ದರು. ಬಸ್ಸಿನಲ್ಲಿ ಪೆನ್ನೂ ಇಲ್ಲ, ಪೇಪರೂ ಇಲ್ಲ, ಸೀಟೂ ಇಲ್ಲ. ಒಂಬತ್ತರ ಪರೀಕ್ಷೆ ಮಾಡಿದೆ. 870ಕ್ಕೆ 6, 18ಕ್ಕೆ 9, ಆರೊಂಬತ್ತಲ ಐವತ್ತನಾಲ್ಕು, ಅದು 9. ಚೀಟಿಯ 15606ಕ್ಕೆ 18, ಅದು 9. ಸರಿ ಅನ್ನಿಸುತ್ತೆ ಅಲ್ಲವೇ? ಆದರೆ ಈ ಪರೀಕ್ಷೆಗೆ ಒಂದು ಕಣ್ಣು ಕುರುಡು. ಅಂಕಿಗಳು ಅದಲುಬದಲಾದರೆ ಅದಕ್ಕೆ ಗೊತ್ತಾಗುವುದಿಲ್ಲ, ಹೇಗೆ ಜೋಡಿಸಿದರೂ ಕೂಡಿದಾಗ ಮೊತ್ತ ಒಂದೇ.

ಅದಕ್ಕೆ ಹನ್ನೊಂದರ ಪರೀಕ್ಷೆಯನ್ನೂ ಮಾಡಬೇಕು. ಬಲಗಡೆಯಿಂದ ಒಂದು ಅಂಕಿ ಕೂಡಿ ಮುಂದಿನದನ್ನು ಕಳೆಯುತ್ತಾ ಹೋಗಬೇಕು. ನಮ್ಮ ಸಂಖ್ಯೆಗೆ 1−2+3−4+5−6+5−4+3−2+1 ಅಂದರೆ ಸೊನ್ನೆ, ಆದ್ದರಿಂದ ಅದು 11ರಿಂದ ಭಾಗವಾಗುತ್ತೆ. ಚೀಟಿಗೆ ಬರೋಣ. 870ಕ್ಕೆ 0−7+8 = 1. 18ಕ್ಕೆ 8−1 = 7. ಒಂದೇಳಲ ಏಳು. ಉತ್ತರಕ್ಕೂ 7 ಬರಬೇಕು. 15606ಕ್ಕೆ 6−0+6−5+1 = 8. ಎಂಟು! ಎಲ್ಲೋ ತಪ್ಪಿದೆ. ಮನೆಗೆ ಬಂದು ಸ್ಲೇಟಿನಲ್ಲಿ ಗುಣಿಸಿದರೆ 15660. ಅದಕ್ಕೆ 0−6+6−5+1 = −4, ಹನ್ನೊಂದು ಸೇರಿಸಿದರೆ 7. ಸರಿ. ಬರೆಯುವಾಗ ಕೊನೆಯ 60, 06 ಆಗಿಬಿಟ್ಟಿದೆ. ವ್ಯತ್ಯಾಸ 54 ರೂಪಾಯಿ, ಅಂದರೆ ಸರಿಯಾಗಿ ಮೂರು ತೆಂಗಿನಕಾಯಿ. ಅದಲುಬದಲಾದ ತಪ್ಪಿನ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತೆ, 54 ಕೂಡ ಹಾಗೇ. ಮಾರನೇ ದಿನ ಅಪ್ಪ ಚೀಟಿ ತಗೊಂಡು ಹೋಗಿ ತೋರಿಸಿದರು. ಅವರು ನೋಡಿ, ತಿದ್ದಿ, ದುಡ್ಡು ಕೊಟ್ಟರಂತೆ. ಈಗ ಅಪ್ಪ ಯಾವ ಚೀಟಿ ಬಂದರೂ ಮೊದಲು, "ತಗಾ ಮಗ, ನಿನ್ ಹನ್ನೊಂದ್ ಹಾಕ್ ನೋಡು" ಅಂತ ನನ್ನ ಕೈಗೆ ಕೊಡುತ್ತಾರೆ.

ಬರೆಯಲು ಇನ್ನೂ ಇದೆ, ಶೀಟಿನಲ್ಲಿ ಜಾಗ ಇಲ್ಲ. ನಿಮಗೆ ಎರಡು ಲೆಕ್ಕ ಕೊಡುತ್ತೇನೆ. ಮೊದಲನೆಯದು ಮಹಾವೀರಾಚಾರ್ಯರದ್ದೇ: 152207ನ್ನು 73ರಿಂದ ಗುಣಿಸಿ, ಯಾವ ಹಾರ ಬರುತ್ತೆ ನೋಡಿ. ಎರಡನೆಯದು ನನ್ನದು: ಹನ್ನೊಂದು ಒಂದುಗಳ ವರ್ಗ ಎಷ್ಟು? ಎಂಟು ಅಲ್ಲೂ ಕಾಣೆಯೇ? ಉತ್ತರ ಚೀಟಿಯಲ್ಲಿ ಬರೆದು ಆಫೀಸು ರೂಮಿನ ಕಿಟಕಿ ಮೇಲಿರುವ ಡಬ್ಬಿಗೆ ಶನಿವಾರದೊಳಗೆ ಹಾಕಿ. ಎರಡನೇ ಲೆಕ್ಕ ಕ್ಯಾಲ್ಕುಲೇಟರಿನಲ್ಲಿ ಹಿಡಿಸುವುದಿಲ್ಲ, ಸುಮ್ಮನೆ ಚಿಕ್ಕಪ್ಪನ ಹತ್ತಿರ ಬೇಡಬೇಡಿ.

— 7ನೇ ತರಗತಿಯ ವಿದ್ಯಾರ್ಥಿನಿ